ಒಂದು ಮಂಚ, ಮೂರು ಮತ

ಬೆಳಗಿನ ಹತ್ತು ಗಂಟೆಗೆ ಊರೆಲ್ಲ ಎದ್ದು ಕೆಲಸಕ್ಕೆ ಬಿದ್ದಿರುವಾಗ ಮಂಚದಕ್ಕನ ಮನೆಯಲ್ಲಿ ನಲವತ್ತು ಜನ ಗಾಢ ನಿದ್ರೆಯಲ್ಲಿರುತ್ತಿದ್ದರು. ಅವರು ಬಟ್ಟೆ ಗಿರಣಿಯ ರಾತ್ರಿ ಪಾಳಿ ಮುಗಿಸಿ ಬಂದವರು. ಮಧ್ಯಾಹ್ನ ಎರಡಕ್ಕೆ ಅವರು ಏಳಬೇಕು; ಬೆಳಗಿನ ಪಾಳಿ ಮುಗಿಸಿದ ಇನ್ನೂ ನಲವತ್ತು ಜನ ಬಂದು ಅದೇ ಮಂಚಗಳ ಮೇಲೆ ಮಲಗಬೇಕು. ರಾತ್ರಿ ಹತ್ತಕ್ಕೆ ಅವರೂ ಎದ್ದು ಮೂರನೆಯ ನಲವತ್ತು ಜನರಿಗೆ ಜಾಗ ಬಿಡಬೇಕು. ಮಂಚ ನಲವತ್ತು, ಮಲಗುವವರು ನೂರ ಇಪ್ಪತ್ತು. ಮಂಚಗಳಿಗೆ ಮಾತ್ರ ನಿದ್ರೆಯೂ ಇರಲಿಲ್ಲ, ಬಿಡುವೂ ಇರಲಿಲ್ಲ.

ಗಂಡ ಬಿಟ್ಟುಹೋದ ಆ ಎರಡಂತಸ್ತಿನ ಕಟ್ಟಡವನ್ನು ಅವಳು ಇಪ್ಪತ್ತೆರಡು ವರ್ಷಗಳಿಂದ ನಡೆಸುತ್ತಿದ್ದಳು. ಅಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ರೂಢಿಯಿರಲಿಲ್ಲ. ಮಂಚದ ಸಂಖ್ಯೆ ಮತ್ತು ಮಲಗುವ ಸರದಿ, ಇವೆರಡೇ ಗುರುತು. ಮೂರರ ಬೆಳಗು, ಇಪ್ಪತ್ತರ ರಾತ್ರಿ, ಹದಿನೇಳರ ಮಧ್ಯಾಹ್ನ. ಹೊಸದಾಗಿ ಬಂದವನು ಒಂದು ವಾರ ಮುಖ ಸಿಂಡರಿಸುತ್ತಿದ್ದ. ಎರಡನೆಯ ವಾರ ತಾನೇ ಹಾಗೆ ಹೇಳಿಕೊಳ್ಳುತ್ತಿದ್ದ.

ಒಂದೇ ಹಾಸಿಗೆಯನ್ನು ಮೂವರು ಹಂಚಿಕೊಂಡರೆ ಜಗಳ ತಪ್ಪದು. ಹೊದಿಕೆಯನ್ನು ಒದ್ದೆ ಮಾಡಿದವರು ಯಾರು, ದಿಂಬಿನ ಕೆಳಗಿದ್ದ ಬಾಚಣಿಗೆ ಎಲ್ಲಿ ಹೋಯಿತು, ಪೂರ್ತಿ ಎಂಟು ಗಂಟೆ ಮಲಗಲು ಬಿಡದೆ ಎಬ್ಬಿಸಿದವರು ಯಾರು. ಇದಕ್ಕೆಲ್ಲ ಮಂಚದಕ್ಕ ಮೊದಲ ವರ್ಷವೇ ಒಂದು ಕ್ರಮ ಹಾಕಿದ್ದಳು. ಅವಳ ಬಳಿ ದಪ್ಪನೆಯ ಸರದಿ ಪುಸ್ತಕವಿತ್ತು. ಏಳುವವನು ‘ಒಪ್ಪಿಸಿದೆ’ ಎಂದೂ ಮಲಗುವವನು ‘ಪಡೆದೆ’ ಎಂದೂ ಎದುರೆದುರು ನಿಂತು, ಮಂಚದ ಸಂಖ್ಯೆಯ ಮುಂದೆ ತಮ್ಮ ಪೂರ್ತಿ ಹೆಸರು ಬರೆದು ರುಜು ಹಾಕಬೇಕು. ಬರೆಯಲು ಬಾರದವನು ಹೆಬ್ಬೆಟ್ಟು ಒತ್ತಬೇಕು. ಒಬ್ಬನ ರುಜು ಇಲ್ಲದೆ ಇನ್ನೊಬ್ಬನ ರುಜುವಿಗೆ ಬೆಲೆಯಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಅಂಥ ಹನ್ನೊಂದು ಪುಸ್ತಕಗಳಾಗಿದ್ದವು.

ಇದಲ್ಲದೆ ಕೆಂಪು ರಟ್ಟಿನ ಇನ್ನೊಂದು ತೆಳು ಪುಸ್ತಕವೂ ಇತ್ತು. ಅದರಲ್ಲಿದ್ದದ್ದು ನಲವತ್ತೇ ಹೆಸರು. ನಗರಸಭೆಯ ತಪಾಸಣೆಯವರು ವರ್ಷಕ್ಕೊಮ್ಮೆ ಬಂದು, ಚಹಾ ಕುಡಿದು, ಅದರ ಕೊನೆಯಲ್ಲಿ ರುಜು ಹಾಕಿ ಹೋಗುತ್ತಿದ್ದರು. ಏಕೆಂದರೆ ಬಾಗಿಲ ಪಕ್ಕದಲ್ಲಿ ಚೌಕಟ್ಟು ಹಾಕಿ ತೂಗುಬಿಟ್ಟಿದ್ದ ಪರವಾನಗಿಯಲ್ಲಿ ‘ನಲವತ್ತು ಮಂಚ, ನಲವತ್ತು ಜನ’ ಎಂದಿತ್ತು.

ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಅವಳ ತಮ್ಮ ಬಂದ. ನಗರಸಭೆಯಲ್ಲಿ ಮತದಾರರ ಪಟ್ಟಿಯ ಗುಮಾಸ್ತನಾಗಿದ್ದವನು. ಮಲಗಿದವರಿಗೆ ಸದ್ದಾಗದಂತೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಒಳಗೆ ಬಂದ. ಆ ಮನೆಯಲ್ಲಿ ಜಗಳವನ್ನೂ ಪಿಸುಮಾತಿನಲ್ಲೇ ಆಡಬೇಕಿತ್ತು.

“ಅಕ್ಕ, ನಿನಗೆ ಕೋರ್ಟಿಂದ ಸಮನ್ಸು. ಪೇದೆ ಬಂದ್ರೆ ಬೀದಿಯೆಲ್ಲ ನೋಡತ್ತೆ ಅಂತ ನಾನೇ ಈಸ್ಕೊಂಡು ಬಂದೆ.”

“ನಾನೇನೋ ಮಾಡಿದೆ?”

“ನೀನೇನೂ ಮಾಡಿಲ್ಲ. ನಿನ್ನ ಹದಿನೇಳರ ಮಧ್ಯಾಹ್ನ ಮಾಡಿದಾನೆ. ನಗರಸಭೆ ಮೇಲೇ ದಾವೆ ಹೂಡಿದಾನೆ, ಪುಣ್ಯಾತ್ಮ.”

ದಾವೆಯ ಮೂಲ ಒಂದು ಅರ್ಜಿ ನಮೂನೆಯಲ್ಲಿತ್ತು. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಆ ನಮೂನೆಯ ಕೊನೆಯಲ್ಲಿ ‘ಮಲಗುವ ಸ್ಥಳ’ ಎಂಬ ಅಂಕಣವಿತ್ತು. ಬೇರೆ ಬೀದಿಯವರು ಅದನ್ನು ಓದಿ ನಕ್ಕು ಖಾಲಿ ಬಿಡುತ್ತಿದ್ದರು. ಗಿರಣಿ ಬೀದಿಗಳವರಿಗೆ ಮಾತ್ರ ಅದೊಂದೇ ಅಂಕಣ ನಿಜವಾಗಿ ತಮ್ಮದೆನಿಸಿತು. ಸ್ವಂತದ್ದೆಂದು ಹೇಳಿಕೊಳ್ಳಲು ಅವರಿಗಿದ್ದದ್ದು ಮಂಚದ ಸಂಖ್ಯೆಯೊಂದೇ. ಅದನ್ನು ದುಂಡಗೆ ಬರೆದು ಕೊಟ್ಟರು. ಒಂದು ಮಂಚಕ್ಕೆ ಮೂರು ಅರ್ಜಿ ಬಂದವು. ನಗರಸಭೆಯ ನಿಯಮ ‘ಒಂದು ಮಲಗುವ ಸ್ಥಳಕ್ಕೆ ಒಬ್ಬ ನಿವಾಸಿ’ ಎನ್ನುತ್ತಿತ್ತು. ಗುಮಾಸ್ತ ಮೊದಲ ಅರ್ಜಿಯನ್ನು ಉಳಿಸಿಕೊಂಡು ಉಳಿದೆರಡರ ಮೇಲೆ ಕೆಂಪು ಗೆರೆ ಎಳೆದಿದ್ದ. ಅಕ್ಕನ ಮನೆಯಿಂದ ಬಂದ ಎಂಬತ್ತು ಅರ್ಜಿಗಳ ಮೇಲೆ ಗೆರೆ ಎಳೆದದ್ದು ಅವನ ಕೈಯೇ.

“ಈಗ ನಗರಸಭೆ ಏನಂತ ಉತ್ತರ ಕೊಟ್ಟಿದೆ?”

“ಆ ಎಂಬತ್ತು ಜನ ಇಲ್ಲವೇ ಇಲ್ಲ ಅಂತ. ಹೋದ ತಿಂಗಳು ಹಗಲು ಹನ್ನೊಂದಕ್ಕೆ ಬಂದು ಎಣಿಸಿದ್ರಲ್ಲ. ಮೂವತ್ತೆಂಟು ಜನ ಮಂಚದ ಮೇಲೆ, ಇಬ್ಬರು ಬಚ್ಚಲಲ್ಲಿ. ನಲವತ್ತಕ್ಕೆ ಸರಿ ಹೋಯ್ತು.” ತಮ್ಮ ತಲೆ ಕೆರೆದುಕೊಂಡ. “ನೀನು ನಗರಸಭೆ ಕಡೆ ಸಾಕ್ಷಿ. ಕೆಂಪು ಪುಸ್ತಕ ತಗೊಂಡು ಹೋಗು. ‘ಇದು ನನ್ನ ಪುಸ್ತಕ, ಇದರಲ್ಲಿರೋದು ನಿಜ’ ಅಂದ್ಬಿಡು. ಅರ್ಧ ಗಂಟೆ ಕೆಲಸ.”

“ನಿಜ ಅಲ್ವಲ್ಲೋ.”

“ನಿಜ ಹೇಳಿದ್ರೆ ಲೈಸೆನ್ಸು ರದ್ದು. ಬಾಗಿಲಿಗೆ ಬೀಗ. ನಿನಗೆ ಮನೆ ಇಲ್ಲ, ಆ ನೂರ ಇಪ್ಪತ್ತು ಜನಕ್ಕೆ ಮಂಚ ಇಲ್ಲ. ಯಾರನ್ನ ಉದ್ಧಾರ ಮಾಡಿದ ಹಾಗಾಯ್ತು ಹೇಳು.”

ಪಕ್ಕದ ಕೋಣೆಯಿಂದ ಯಾರದೋ ಗೊರಕೆ ಏರಿ ಇಳಿಯಿತು.

“ಇಲ್ಲದವನು ಇಷ್ಟು ಜೋರಾಗಿ ಗೊರಕೆ ಹೊಡೀತಾನೇನೋ?” ಎಂದಳು.

“ಅವನು ಮೂರರ ಬೆಳಗು. ಪಟ್ಟಿಯಲ್ಲಿ ಇದಾನೆ,” ಎಂದು ತಮ್ಮ ಚಪ್ಪಲಿ ಎತ್ತಿಕೊಂಡು ಹೊರಟ.

ಎರಡು ಗಂಟೆಗೆ ಸರದಿ ಬದಲಾಯಿತು. ಹದಿನೇಳನೆಯ ಮಂಚದ ಬಳಿ ಹದಿನೇಳರ ಬೆಳಗು, ಹಲ್ಲಿಲ್ಲದ ಮುದಿ ನೇಕಾರ, ಆಕಳಿಸುತ್ತ ಹೊದಿಕೆ ಮಡಚುತ್ತಿದ್ದ. ಅವನೆದುರು ಹದಿನೇಳರ ಮಧ್ಯಾಹ್ನ ನಿಂತಿದ್ದ. ಮಗ್ಗಗಳ ರಿಪೇರಿ ಮಾಡುವವನು. ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡಿದ್ದ. ಮಧ್ಯಾಹ್ನದ ಸರದಿಯವರ ಪಾಡು ಎಲ್ಲರಿಗಿಂತ ಕಷ್ಟದ್ದು. ರಾತ್ರಿ ಹತ್ತಕ್ಕೆ ಮಂಚ ಬಿಟ್ಟರೆ ಬೆಳಗಿನ ಆರರ ಪಾಳಿಯವರೆಗೆ ಎಲ್ಲಿರಬೇಕೆಂಬುದು ಅವರಿಗೇ ಬಿಟ್ಟ ಮಾತು. ಇವನು ರೈಲು ನಿಲ್ದಾಣದ ದೀಪದ ಕೆಳಗೆ ಕೂತು ಸಿಕ್ಕಿದ್ದನ್ನೆಲ್ಲ ಓದುತ್ತಿದ್ದ. ಹಾಗೆ ಸಿಕ್ಕಿದ್ದರಲ್ಲಿ ದೇಶದ ಸಂವಿಧಾನದ ಅಗ್ಗದ ಪ್ರತಿಯೂ ಒಂದು.

ಮಂಚದಕ್ಕ ಪುಸ್ತಕ ಹಿಡಿದು ಬಂದಳು. “ಏನಪ್ಪಾ ದಾವೆದಾರ, ನನ್ನ ಮನೆಯಲ್ಲಿ ಮಲಗಿ ನನ್ನನ್ನೇ ಕೋರ್ಟಿಗೆ ಎಳೀತೀಯಾ?”

“ನಾನು ಎಳೀಲಿಲ್ಲ ಅಕ್ಕ. ಎಳೆದಿದ್ದು ನಗರಸಭೆ.”

“ಇವನಿಗೆ ಓದೋ ಚಟ,” ಎಂದ ಮುದಿ ನೇಕಾರ. “ಕುಡಿಯೋ ಚಟ ಇದ್ದಿದ್ರೆ ನಮಗೆಲ್ಲ ಇಷ್ಟು ತೊಂದ್ರೆ ಇರ್ತಿರಲಿಲ್ಲ.”

“ನಿನಗೆ ಮತ ಬಂದು ಆಗೋದೇನು, ಅದನ್ನ ಹೇಳು,” ಎಂದಳು ಮಂಚದಕ್ಕ.

ಅವನು ಬೆರಳು ಮಡಚಿ ಲೆಕ್ಕ ಹೇಳಿದ. ಗಿರಣಿ ಬೀದಿಗಳಲ್ಲಿ ಇಂಥ ಮನೆಗಳು ತೊಂಬತ್ತು. ಮನೆಗೆ ನಲವತ್ತರಂತೆ ಪಟ್ಟಿಯಲ್ಲಿರುವವರು ಮೂರು ಸಾವಿರದ ಆರುನೂರು. ಉಳಿದ ಊರಿನಲ್ಲಿ ಇಪ್ಪತ್ತೈದು ಸಾವಿರದ ಇನ್ನೂರು. ನಗರಸಭೆಗೆ ಇಪ್ಪತ್ನಾಲ್ಕು ಸದಸ್ಯರು. ಸಾವಿರದ ಇನ್ನೂರು ಮತಕ್ಕೆ ಒಬ್ಬ. ಹಾಗಾಗಿ ಗಿರಣಿ ಬೀದಿಗಳಿಗೆ ಸಿಕ್ಕವರು ಮೂವರು, ಉಳಿದ ಊರಿಗೆ ಇಪ್ಪತ್ತೊಂದು. ನಿಜವಾದ ಸಂಖ್ಯೆ ಹಿಡಿದರೆ ಈ ಬೀದಿಗಳಲ್ಲಿರುವವರು ಹತ್ತು ಸಾವಿರದ ಎಂಟುನೂರು. ಆಗ ಸಾವಿರದ ಐನೂರು ಮತಕ್ಕೆ ಒಬ್ಬ ಸದಸ್ಯ. ಇಲ್ಲಿಗೆ ಏಳು, ಅಲ್ಲಿಗೆ ಹದಿನೇಳು.

“ಮೂರು ಜನ ಇದ್ರೆ ಕಾಡಿ ಬೇಡಬೇಕು. ಏಳು ಜನ ಇದ್ರೆ ಅವರೇ ಬಂದು ಕೇಳ್ತಾರೆ,” ಎಂದ. “ಈ ಬೀದಿಗೆ ನಲ್ಲಿ ಎಷ್ಟಿದೆ ಅಕ್ಕ?”

“ಎರಡು.”

“ಪಟ್ಟಿ ನೋಡಿ ಹಾಕಿದ್ದು. ಬಾಯಾರಿಕೆ ನೋಡಿ ಅಲ್ಲ. ಪ್ರತಿಯೊಬ್ಬ ವಯಸ್ಕನಿಗೂ ಒಂದು ಮತ ಅಂತ ಸಂವಿಧಾನದಲ್ಲಿ ಬರೆದಿದೆ. ಎರಡು ಸಲ ಓದಿದೆ. ಅದರಲ್ಲಿ ಮಂಚದ ಮಾತೇ ಇಲ್ಲ.”

ಅವಳು ದನಿ ಇನ್ನೂ ತಗ್ಗಿಸಿದಳು. “ಈ ಸರದಿ ಪುಸ್ತಕದ ವಿಷಯ ನಿಮ್ಮ ವಕೀಲೆಗೆ ಹೇಳಿದ್ದೀಯಾ?”

“ಲೆಕ್ಕ ಇಟ್ಟ ಪುಸ್ತಕ ಏನಾದ್ರೂ ಇದೆಯಾ ಅಂತ ಕೇಳಿದ್ರು. ಇಲ್ಲ ಅಂದೆ.”

“ಯಾಕೆ?”

“ಮಂಚ ಹೋದ್ರೆ ಮತ ಇಟ್ಕೊಂಡು ಎಲ್ಲಿ ಮಲಗಲಿ? ನಾನೊಬ್ಬ ಆದ್ರೆ ನಿಲ್ದಾಣ ಇದೆ. ಉಳಿದವರು?”

“ಪುಸ್ತಕ ಇಲ್ದೆ ಗೆಲ್ತೀಯಾ?”

“ಗೆಲ್ಲಲ್ಲ,” ಎಂದು ಹೇಳಿ ಅವನು ‘ಪಡೆದೆ’ ಎಂದು ರುಜು ಹಾಕಿದ. ಗೋಡೆಯ ಕಡೆ ತಿರುಗಿ ಮಲಗಿದ. ಅವಳು ಮುಂದಿನ ಮಂಚಕ್ಕೆ ಹೋಗುವಷ್ಟರಲ್ಲಿ ನಿದ್ರೆ ಹೋಗಿದ್ದ. ದಾವೆ ಹೂಡಿದವನಿಗೆ ಇಷ್ಟು ಬೇಗ ನಿದ್ರೆ ಬರುವುದು ಅವಳಿಗೆ ಸರಿಕಾಣಲಿಲ್ಲ. ಅವಳಿಗಂತೂ ಆ ರಾತ್ರಿ ಸರಿಯಾಗಿ ಬರಲಿಲ್ಲ.

ವಿಚಾರಣೆಯ ದಿನ ಅವಳು ಬಟ್ಟೆಚೀಲದಲ್ಲಿ ಕೆಂಪು ಪುಸ್ತಕ ಇಟ್ಟುಕೊಂಡಳು. ಹೊರಡುವ ಮುನ್ನ ಸರದಿ ಪುಸ್ತಕಗಳಲ್ಲಿ ಹೊಸದನ್ನೂ ಹಳೆಯದೊಂದನ್ನೂ ಅದರ ಕೆಳಗೆ ತುರುಕಿದಳು. ಮನೆಯಲ್ಲಿ ಬಿಟ್ಟರೆ ಯಾರಾದರೂ ನೋಡಿಯಾರು, ಅದಕ್ಕೆ ಎಂದು ತನಗೆ ತಾನೇ ಹೇಳಿಕೊಂಡಳು. ಉಳಿದ ಒಂಬತ್ತನ್ನು ಮನೆಯಲ್ಲೇ ಬಿಟ್ಟಿದ್ದಳೆಂಬುದು ನಿಜ.

ನ್ಯಾಯಾಲಯದ ಕೋಣೆ ಎತ್ತರವಾಗಿತ್ತು. ಮಾತಾಡಿದ್ದು ಮೇಲೆ ಹೋಗಿ ತಡವಾಗಿ ಕೆಳಗೆ ಬರುತ್ತಿತ್ತು. ನ್ಯಾಯಾಧೀಶರು ವಯಸ್ಸಾದ ಹೆಂಗಸು. ನೆಗಡಿಯಾಗಿತ್ತು, ಕರವಸ್ತ್ರವನ್ನು ಕಡತಗಳ ಮಧ್ಯದಲ್ಲಿ ಇಟ್ಟುಕೊಂಡಿದ್ದರು. ಮೊದಲು ಹದಿನೇಳರ ಮಧ್ಯಾಹ್ನನನ್ನು ಕಟಕಟೆಗೆ ಕರೆದು ಹೆಸರು ಹೇಳೆಂದರು.

“ಹದಿನೇಳರ ಮಧ್ಯಾಹ್ನ,” ಎಂದ ಅವನು, ಅಭ್ಯಾಸಬಲದಿಂದ.

“ದಿನಾಂಕ ಕೇಳಲಿಲ್ಲ,” ಎಂದರು ನ್ಯಾಯಾಧೀಶರು. ಕೋಣೆ ನಕ್ಕಿತು. ಅವನು ಕೆಂಪಗಾಗಿ ಹೆಸರು ಹೇಳಿದ. ಅವನ ವಕೀಲೆ, ಅಳತೆಗಿಂತ ದೊಡ್ಡ ಕರಿ ಕೋಟು ತೊಟ್ಟ ಚಿಕ್ಕ ವಯಸ್ಸಿನವಳು, ಕೇಳಬೇಕಾದದ್ದನ್ನೆಲ್ಲ ಕೇಳಿದಳು. ಅವನು ಹೇಳಬೇಕಾದದ್ದನ್ನೆಲ್ಲ ಹೇಳಿದ. ಆದರೆ ಅದು ಒಬ್ಬ ಮನುಷ್ಯನ ಮಾತು. ಅದರ ಹಿಂದೆ ಒಂದು ಕಾಗದವೂ ಇರಲಿಲ್ಲ.

ಆಮೇಲೆ ಮಂಚದಕ್ಕನ ಸರದಿ ಬಂತು. ನಗರಸಭೆಯ ವಕೀಲರು ದುಂಡನೆಯ ಮನುಷ್ಯ, ಮಾತು ಜೇನು. ಕೆಂಪು ಪುಸ್ತಕವನ್ನು ಎರಡು ಕೈಯಿಂದ ಎತ್ತಿ ಹಿಡಿದರು.

“ಇಪ್ಪತ್ತೆರಡು ವರ್ಷಗಳ ಪರವಾನಗಿ. ಒಂದು ದೂರಿಲ್ಲ, ಒಂದು ದಂಡವಿಲ್ಲ. ಪ್ರತಿ ವರ್ಷವೂ ಅಧಿಕಾರಿಗಳ ರುಜು. ಇಂಥ ಪ್ರಾಮಾಣಿಕ ಹೆಣ್ಣುಮಗಳ ಪುಸ್ತಕಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ಅಮ್ಮಾ, ಇದು ನಿಮ್ಮದೇ ತಾನೇ? ಇದರಲ್ಲಿರುವುದು ನಿಜ ತಾನೇ?”

ಬೈದಿದ್ದರೆ ಅವಳು ಸಹಿಸುತ್ತಿದ್ದಳು. ಗಿರಣಿ ಬೀದಿಯಲ್ಲಿ ಇಪ್ಪತ್ತೆರಡು ವರ್ಷ ಬೈಗುಳ ಕೇಳಿದ್ದವಳು. ಆದರೆ ಅವಳ ಅಚ್ಚುಕಟ್ಟೆಲ್ಲ ಚೀಲದಲ್ಲಿ ಬಿದ್ದಿದ್ದ ಪುಸ್ತಕದಲ್ಲಿತ್ತು. ಈ ಮನುಷ್ಯ ಅವಳನ್ನು ಪ್ರಾಮಾಣಿಕಳೆಂದು ಹೊಗಳುತ್ತಿದ್ದದ್ದು ಅವಳು ಬರೆದ ಒಂದೇ ಒಂದು ಸುಳ್ಳಿಗಾಗಿ. ಅವಳಿಗೆ ಕಿವಿಯವರೆಗೂ ಬಿಸಿಯೇರಿತು. ಉತ್ತರದ ಬದಲು ಚೀಲದ ಬಾಯಿಯನ್ನು ಬಿಗಿಹಿಡಿದಳು.

ನ್ಯಾಯಾಧೀಶರು ಮೂಗು ಒರೆಸಿಕೊಂಡು ಅವಳನ್ನೇ ನೋಡಿದರು. “ಒಂದು ಮಾತು ತಿಳಿದುಕೊಳ್ಳಿ. ನಿಮ್ಮ ಮೇಲೇ ತಪ್ಪು ಬರುವಂಥ ಉತ್ತರ ಇದ್ದರೆ, ಅದನ್ನು ಹೇಳಲೇಬೇಕು ಅಂತ ಯಾರೂ ಬಲವಂತ ಮಾಡುವ ಹಾಗಿಲ್ಲ. ನೀವು ಸುಮ್ಮನಿರಬಹುದು. ಅದು ನಿಮ್ಮ ಹಕ್ಕು.”

“ಸುಮ್ಮನಿದ್ರೆ ನನಗೇನೂ ಆಗಲ್ವಾ?”

“ಇಲ್ಲ.”

“ಈ ಹಕ್ಕು ಯಾರು ಕೊಟ್ಟಿದ್ದು ಅಮ್ಮ?”

“ಸಂವಿಧಾನ.”

“ಆ ಹುಡುಗ ಮತ ಕೇಳ್ತಿರೋದೂ ಅದೇ ಪುಸ್ತಕದಿಂದ ತಾನೇ?”

“ಅದೇ ಪುಸ್ತಕ.”

ಮಂಚದಕ್ಕ ಮನಸ್ಸಿನಲ್ಲೇ ತೂಗಿ ನೋಡಿದಳು. ಕೇಳದೆಯೇ ತನಗೆ ಇಷ್ಟು ಕೊಟ್ಟ ಪುಸ್ತಕ, ಕೇಳಿಕೊಂಡು ಬಂದವನಿಗೆ ಇಲ್ಲವೆನ್ನಬೇಕಾದರೆ ಅದು ತನ್ನ ಮೌನದಿಂದಲೇ ಆಗಬೇಕು. ಹಾಗೆ ಆಗುವುದು ಅವಳಿಗೆ ಬೇಕಿರಲಿಲ್ಲ. ಮನೆ, ಬೀಗ, ನೂರ ಇಪ್ಪತ್ತು ಜನ, ಎಲ್ಲವೂ ಒಮ್ಮೆ ಕಣ್ಣೆದುರು ಬಂದು ನಿಂತವು. ಅವಳ ಕೈ ಚೀಲದೊಳಗೆ ಹೋಯಿತು.

“ಅದು ನನ್ನದೇ ಪುಸ್ತಕ, ಸ್ವಾಮಿ. ಅದರಲ್ಲಿರೋದು ಸುಳ್ಳು. ನಿಜ ಇರೋದು ಇದರಲ್ಲಿ.”

ಹಿಂದಿನ ಬೆಂಚಿನಲ್ಲಿ ಕೂತಿದ್ದ ಅವಳ ತಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಜೇನು ಮಾತಿನ ವಕೀಲರು ಒಂದು ಗಳಿಗೆ ತಡವರಿಸಿ, ಆಮೇಲೆ ಚೇತರಿಸಿಕೊಂಡರು. ಸರದಿ ಪುಸ್ತಕವನ್ನು ತಿರುವಿ ಹಾಕಿ, “ಇದರಲ್ಲಿ ಹೆಸರುಗಳಿವೆ, ಒಪ್ಪುತ್ತೇನೆ. ಹೆಸರು ನೂರ ಇಪ್ಪತ್ತು ಇದ್ದ ಮಾತ್ರಕ್ಕೆ ಮನುಷ್ಯರೂ ನೂರ ಇಪ್ಪತ್ತು ಇರಬೇಕಿಲ್ಲ. ಒಬ್ಬನೇ ಮೂರು ಹೆಸರು ಬರೆಯಬಹುದು,” ಎಂದರು.

“ಒಬ್ಬನೇ ತನ್ನೆದುರು ತಾನೇ ನಿಂತು ಹೊದಿಕೆ ಒಪ್ಪಿಸ್ಕೊಳ್ಳೋಕೆ ಆಗತ್ತಾ ಸ್ವಾಮಿ?”

“ಸರಿ, ಇಬ್ಬರು ಅನ್ನಿ. ಮೊದಲನೆಯವನೇ ಮೂರನೆಯವನೂ ಆಗಿರಬಹುದಲ್ಲ.”

“ಎರಡು ಗಂಟೆಗೆ ಬೆಳಗಿನವನು ಮಧ್ಯಾಹ್ನದವನಿಗೆ ಒಪ್ಪಿಸ್ತಾನೆ. ಇಬ್ಬರೂ ಎದುರೆದುರು. ಹತ್ತಕ್ಕೆ ಮಧ್ಯಾಹ್ನದವನು ರಾತ್ರಿಯವನಿಗೆ. ಅವರೂ ಎದುರೆದುರು. ಬೆಳಿಗ್ಗೆ ಆರಕ್ಕೆ ರಾತ್ರಿಯವನು ಬೆಳಗಿನವನಿಗೆ. ಅವರಿಬ್ಬರೂ ಎದುರೆದುರು ನಿಂತೇ ರುಜು ಹಾಕ್ಬೇಕು. ಈಗ ಹೇಳಿ, ಯಾರು ಯಾರಾಗೋಕೆ ಆಗತ್ತೆ?”

ನ್ಯಾಯಾಧೀಶರು ಕಾಗದದ ಮೇಲೆ ಮೂರು ಚುಕ್ಕಿ ಇಟ್ಟು ಮೂರು ಗೆರೆ ಎಳೆದರು. ತ್ರಿಕೋನವಾಯಿತು. ಅದನ್ನು ಒಂದು ಕ್ಷಣ ನೋಡಿ, “ಮೂವರೇ,” ಎಂದರು. “ಕಡಿಮೆ ಆಗುವುದಿಲ್ಲ.” ಹಳೆಯ ಪುಸ್ತಕದ ಒಂದು ಪುಟದಲ್ಲಿ ಹದಿನೈದು ವರ್ಷದ ಹಿಂದಿನ ಚಹಾದ ಕಲೆಯಿತ್ತು, ಅದನ್ನೂ ಬೆರಳಿಂದ ಮುಟ್ಟಿ ನೋಡಿ, ಪುಸ್ತಕ ಈಚೆಗೆ ಸೃಷ್ಟಿಸಿದ್ದಲ್ಲ ಎಂದು ಬರೆದುಕೊಂಡರು.

ಮೂರು ವಾರದ ಮೇಲೆ ತೀರ್ಪು ಬಂತು. ‘ನಿವಾಸವೆಂದರೆ ಮನುಷ್ಯನು ದಿನವೂ ಹಿಂದಿರುಗುವ ಸ್ಥಳ. ಅಲ್ಲಿ ಅವನು ಎಷ್ಟು ಗಂಟೆ ಮಲಗುತ್ತಾನೆ, ಆ ಹಾಸಿಗೆಯಲ್ಲಿ ಮತ್ತೆಷ್ಟು ಮಂದಿ ಮಲಗುತ್ತಾರೆ ಎಂಬುದರಿಂದ ಅವನ ಮತದ ಹಕ್ಕು ಹೆಚ್ಚೂ ಆಗದು, ಕಡಿಮೆಯೂ ಆಗದು’ ಎಂದಿತ್ತು ಅದರಲ್ಲಿ. ತೊಂಬತ್ತು ಮನೆಗಳಲ್ಲೂ ದಿನಕ್ಕೆ ಮೂರು ಹೊತ್ತು ಎಣಿಸಿ ಹೊಸ ಪಟ್ಟಿ ಮಾಡಬೇಕು; ವಾರ್ಡುಗಳನ್ನು ಮತ್ತೆ ಹಂಚಬೇಕು; ಆಮೇಲೆಯೇ ಚುನಾವಣೆ. ಪರವಾನಗಿಯ ವಿಷಯ ತನ್ನ ಮುಂದಿಲ್ಲ, ಅದನ್ನು ಹೊಸ ನಗರಸಭೆಯೇ ತೀರ್ಮಾನಿಸಲಿ, ಅಲ್ಲಿಯವರೆಗೆ ಯಾರನ್ನೂ ಮಂಚದಿಂದ ಕದಲಿಸಕೂಡದು ಎಂದು ನ್ಯಾಯಾಲಯ ಹೇಳಿತ್ತು. ಅಂದರೆ ಮಂಚದಕ್ಕನ ಕುತ್ತಿಗೆಯ ಮೇಲಿನ ಕತ್ತಿ ಇಳಿಯಲಿಲ್ಲ. ಅದನ್ನು ಹಿಡಿಯುವ ಕೈ ಮಾತ್ರ ಬದಲಾಗಬಹುದಾಗಿತ್ತು.

ಮೊದಲ ದಿನಗಳಲ್ಲಿ ಬೀದಿಯ ಉಳಿದ ಮನೆಗಳವರು ಅವಳೊಡನೆ ಮಾತು ಬಿಟ್ಟರು. ‘ನೀನು ಮುಳುಗೋದಲ್ಲದೆ ನಮ್ಮನ್ನೂ ಎಳೆದೆ’ ಎಂದು ಪಕ್ಕದ ಮನೆಯ ಯಜಮಾನಿ ಗೋಡೆಗೆ ಹೇಳುವಂತೆ ಹೇಳಿದಳು. ಆದರೆ ಎಣಿಸುವವರು ಬಂದಾಗ ಅದೇ ಯಜಮಾನಿ ಅಕ್ಕಿ ಡಬ್ಬದ ಹಿಂದಿನಿಂದ ತನ್ನ ಎರಡನೆಯ ಪುಸ್ತಕ ತೆಗೆದು ಕೊಟ್ಟಳು. ತೊಂಬತ್ತು ಮನೆಗಳಲ್ಲೂ ಎರಡನೆಯ ಪುಸ್ತಕ ಇತ್ತು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೆ.

ಮಂಚದಕ್ಕನ ಮನೆಯ ಎಣಿಕೆ ತಮ್ಮನ ಪಾಲಿಗೆ ಬಂತು. ಅವನು ಮೂರು ಸರದಿಗೂ ಬಂದು, ಕೆಂಪು ಗೆರೆ ಎಳೆದಿದ್ದ ಎಂಬತ್ತು ಹೆಸರುಗಳನ್ನು ಒಂದೊಂದಾಗಿ ಪಟ್ಟಿಗೆ ಬರೆದ. ಮುದಿ ನೇಕಾರ ಪಕ್ಕದಲ್ಲಿ ನಿಂತು, “ಸ್ವಲ್ಪ ದುಂಡಗೆ ಬರೀರಿ ಗುಮಾಸ್ತರೇ, ಹೋದ ಸಲ ಗೆರೆ ಚೆನ್ನಾಗಿ ಎಳೆದಿದ್ರಿ,” ಎಂದ. ತಮ್ಮ ತಲೆ ಎತ್ತಲಿಲ್ಲ. ಆದರೆ ಅಕ್ಷರ ದುಂಡಗಾಯಿತು.

ಆಮೇಲೆ ಚುನಾವಣೆ. ಹಿಂದೆಲ್ಲ ಅಭ್ಯರ್ಥಿಗಳು ಗಿರಣಿ ಬೀದಿಯ ತುದಿಯಲ್ಲಿ ನಿಂತು ಕೈ ಬೀಸಿ ಹೋಗುತ್ತಿದ್ದರು. ಈಗ ಏಳು ಸ್ಥಾನಗಳು ಇಲ್ಲಿದ್ದವು. ಒಬ್ಬ ಧಾನ್ಯದ ವ್ಯಾಪಾರಿ ಹಗಲು ಹನ್ನೊಂದಕ್ಕೆ ಧ್ವನಿವರ್ಧಕ ಕಟ್ಟಿದ ಗಾಡಿಯಲ್ಲಿ ಬಂದ. ಎರಡು ಮಾತಾಡುವಷ್ಟರಲ್ಲಿ ಬೀದಿಯ ಅಷ್ಟೂ ಮನೆಗಳ ಬೆಳಗಿನ ಸರದಿ ಕಣ್ಣುಜ್ಜುತ್ತ ಹೊರಗೆ ಬಂತು. ಸುಮ್ಮನೆ ನಿಂತು ಅವನ ಮುಖ ನೋಡಿದರು, ಮರೆಯದಿರಲೆಂದು. ಮರುದಿನದಿಂದ ಉಳಿದ ಅಭ್ಯರ್ಥಿಗಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರತೊಡಗಿದರು. ದಿನಕ್ಕೆ ಮೂರು ಸಲ, ಸರದಿ ಬದಲಾಗುವ ಹೊತ್ತಿಗೆ ಬಂದು, ಮೂರು ಮೂರು ಜನರನ್ನು ಮೂಲೆಗೆ ಕರೆದು ಪಿಸುಮಾತಿನಲ್ಲಿ ಮಾತಾಡಬೇಕಿತ್ತು. ಒಂದು ಮೊಳ ದೂರದಲ್ಲಿರುವ ಮುಖವನ್ನು ನೋಡುತ್ತ, ಪಿಸುದನಿಯಲ್ಲಿ, ಎಲ್ಲರಿಗೂ ಎಲ್ಲವನ್ನೂ ಕೊಡುತ್ತೇನೆಂದು ಹೇಳುವುದು ಕಷ್ಟ. ಆ ವರ್ಷ ಊರಿನಲ್ಲಿ ಹಿಂದೆಂದೂ ಇಲ್ಲದಷ್ಟು ಚಿಕ್ಕ ಆಶ್ವಾಸನೆಗಳು ಕೇಳಿಬಂದವು: ಒಂದು ನಲ್ಲಿ, ಒಂದು ಬೀದಿದೀಪ, ನಿಲ್ದಾಣದ ಹತ್ತಿರ ಓದುವ ಕೋಣೆ.

ಹದಿನೇಳರ ಮಧ್ಯಾಹ್ನನೂ ಚುನಾವಣೆಗೆ ನಿಂತ. ಧಾನ್ಯದ ವ್ಯಾಪಾರಿಯನ್ನು ಇನ್ನೂರ ಹನ್ನೆರಡು ಮತಗಳಿಂದ ಸೋಲಿಸಿದ.

ಹೊಸ ನಗರಸಭೆಯ ಎರಡನೆಯ ಸಭೆಗೆ ಮಂಚದಕ್ಕನ ಪರವಾನಗಿ ಬಂತು. ಅದರ ಮೇಲೆ ಆಗುವ ತೀರ್ಮಾನವೇ ಉಳಿದ ಎಂಬತ್ತೊಂಬತ್ತು ಮನೆಗಳಿಗೂ. ಅವಳು ಪ್ರೇಕ್ಷಕರ ಬೆಂಚಿನ ತುದಿಯಲ್ಲಿ ಕೂತಳು, ಪಕ್ಕದಲ್ಲಿ ತಮ್ಮ. ಮಧ್ಯಾಹ್ನ ಮೂರು ಗಂಟೆ. ಹದಿನೇಳರ ಮಧ್ಯಾಹ್ನ ತನ್ನ ಮಲಗುವ ಹೊತ್ತಿನಲ್ಲಿ ಸಭೆಯಲ್ಲಿ ಕೂತು ಆಕಳಿಕೆ ತಡೆಯುತ್ತಿದ್ದ.

ಹಳೆಯ ಸದಸ್ಯರೊಬ್ಬರು ಎದ್ದು, ನಿಯಮ ಮುರಿದವರ ಪರವಾನಗಿ ರದ್ದಾಗಲಿ ಎಂದರು. ಹದಿನೇಳರ ಮಧ್ಯಾಹ್ನ ಎದ್ದು, ನಿಯಮವನ್ನೇ ತಿದ್ದೋಣ ಎಂದ. ಮಂಚದಕ್ಕನ ಉಸಿರು ಹಗುರಾಯಿತು. ಅವನು ಜೇಬಿನಿಂದ ಚೀಟಿ ತೆಗೆದು ಓದಿದ. ಸರದಿಯ ಮೇಲೆ ಮಲಗಿಸಲು ಪರವಾನಗಿ ಕೊಡಬೇಕು. ಆದರೆ ಒಂದು ಮಂಚಕ್ಕೆ ಇಬ್ಬರೇ. ದಿನಕ್ಕೆ ಎಂಟು ಗಂಟೆ ಹಾಸಿಗೆ ಗಾಳಿಗೆ ಬಿದ್ದಿರಬೇಕು. ಮೂಡಣ ಗೋಡೆಯಲ್ಲಿ ಎರಡು ಕಿಟಕಿ. ಹೊಸದಾಗಿ ಆರು ಶೌಚಾಲಯ. ಗಡುವು ಒಂದು ವರ್ಷ.

ಮಂಚದಕ್ಕ ಎದ್ದು ನಿಂತಳು. ಅಧ್ಯಕ್ಷರು, ಪರವಾನಗಿದಾರರು ಮಾತಾಡಬಹುದು ಎಂದರು.

“ಕಿಟಕಿ ಎರಡು ಯಾಕೆ? ಒಂದು ಸಾಲದಾ?”

“ಮಲಗೋರನ್ನ ಕೇಳಿದೆ ಅಕ್ಕ. ಮೂರು ಸರದಿಯನ್ನೂ ಕೇಳಿದೆ. ಮೂರು ಬೇಕು ಅಂದ್ರು. ನಿಮ್ಮ ಮುಖ ನೋಡಿ ಎರಡಕ್ಕೆ ಇಳಿಸಿದೆ.”

“ಇದಕ್ಕಾ ನಿನ್ನನ್ನ ಆರಿಸಿದ್ದು? ನಾನೂ ನಿನಗೇ ಹಾಕಿದ್ದೆ.”

“ನೀವೊಬ್ಬರು ಹಾಕಿದ್ರಿ. ಅವರು ನೂರ ಇಪ್ಪತ್ತು ಜನ.”

ಸಭೆ ನಕ್ಕಿತು. ಅವಳು ನಗಲಿಲ್ಲ. ಅವಳ ತಲೆಯೊಳಗೆ ಲೆಕ್ಕ ಆಗಲೇ ಓಡುತ್ತಿತ್ತು. ಯಾರನ್ನೂ ಹೊರಗೆ ಹಾಕದೆ ಮಂಚಕ್ಕೆ ಇಬ್ಬರಂತೆ ನೂರ ಇಪ್ಪತ್ತು ಜನರನ್ನು ಮಲಗಿಸಲು ಅರವತ್ತು ಮಂಚ ಬೇಕು. ಇನ್ನೂ ಇಪ್ಪತ್ತು. ಮಹಡಿಯ ಹಳೆ ಉಗ್ರಾಣದಲ್ಲಿ ಹನ್ನೆರಡು ಹಿಡಿಯುತ್ತವೆ. ಉಳಿದ ಎಂಟಕ್ಕೆ ತಾನು ಕೂರುವ ಮುಂದಿನ ಕೋಣೆಯನ್ನೇ ಬಿಡಬೇಕು.

“ನಾನು ಒಪ್ಪದಿದ್ರೆ?”

“ಕೋರ್ಟಿದೆ ಅಕ್ಕ,” ಎಂದ ಅವನು, ದಾರ ಕಟ್ಟಿದ ಕನ್ನಡಕವನ್ನು ಸರಿಮಾಡಿಕೊಳ್ಳುತ್ತ. “ದಾರಿ ನಿಮಗೆ ಗೊತ್ತಲ್ಲ.”

ಈ ಸಲ ಅವಳಿಗೂ ನಗು ತಡೆಯಲಾಗಲಿಲ್ಲ. ನಗು ಮುಗಿಸಿ ಚೌಕಾಸಿಗೆ ನಿಂತಳು. ಎರಡು ಕಿಟಕಿ ಆಗಲಿ, ಆರು ಶೌಚಾಲಯ ಆಗಲಿ. ಗಡುವು ಮಾತ್ರ ಹದಿನೆಂಟು ತಿಂಗಳು ಇರಬೇಕು. ಎರಡು ನಲ್ಲಿಗಳ ನೀರಿನಲ್ಲಿ ಆರು ಶೌಚಾಲಯ ನಡೆಯುವುದಿಲ್ಲ, ನಗರಸಭೆ ಮೊದಲು ತನ್ನ ಪಾಲಿನ ನಲ್ಲಿ ಹಾಕಿಸಲಿ, ಆಮೇಲೆ ತನ್ನನ್ನು ಕೇಳಲಿ. ಅಧ್ಯಕ್ಷರು ಬರೆದುಕೊಂಡು ಮತಕ್ಕೆ ಹಾಕಿದರು. ಹದಿನಾಲ್ಕು ಕೈಗಳು ಎದ್ದವು. ಗಿರಣಿ ಬೀದಿಗಳವು ಏಳು. ಉಳಿದ ಏಳು, ಗಿರಣಿ ಬೀದಿಗಳನ್ನು ಇನ್ನು ಮುಂದೆ ಲೆಕ್ಕಕ್ಕೆ ಹಿಡಿಯಲೇಬೇಕೆಂದು ಅರಿತವರವು. ಪರವಾನಗಿ ಉಳಿಯಿತು. ಅವಳು ಷರತ್ತುಗಳನ್ನು ಎರಡು ಸಲ ಓದಿ ರುಜು ಹಾಕಿದಳು.

ಮೆಟ್ಟಿಲಿಳಿಯುವಾಗ ತಮ್ಮ ಮೆಲ್ಲಗೆ ಕೇಳಿದ. “ಕೋಪ ಬಂತಾ ಅಕ್ಕ?”

“ಬರದೆ ಇರತ್ತಾ? ನನ್ನ ಗೋಡೆ ಒಡೆಯೋಕೆ ಅವನು ಚೀಟಿ ಬರ್ಕೊಂಡು ಬಂದಿದಾನೆ.” ನಾಲ್ಕು ಮೆಟ್ಟಿಲು ಇಳಿದು ನಿಂತಳು. “ಮುಂದಿನ ಸಲ ಚುನಾವಣೆಗೆ ನಿಲ್ಲೋಕೆ ಅರ್ಜಿ ಎಲ್ಲಿ ಕೊಡ್ತಾರೆ?”

“ನನ್ನ ಕಚೇರಿಯಲ್ಲೇ. ಯಾರಿಗೆ?”

“ಯಾರಿಗಾದ್ರೂ ಇರಲಿ. ಒಂದು ತಂದಿಡು.”

ಅಷ್ಟು ಹೇಳಿ ಅವಳು ಮನೆಯ ದಾರಿ ಬಿಟ್ಟು ಬಡಗಿಗಳ ಬೀದಿಯ ಕಡೆ ತಿರುಗಿದಳು. ಅಂಗಡಿಗಳು ಮುಚ್ಚಲು ಇನ್ನೂ ಎರಡು ಗಂಟೆಯಿತ್ತು, ಇಪ್ಪತ್ತು ಮಂಚ ಮಾಡಿಸಬೇಕಿತ್ತು.